ಹಾವಿನ ವಿಷಕ್ಕೆ 10 ಎಂ.ಎಲ್. ವೈಲ್: ಮಲೆನಾಡಿಗೆ ಎಷ್ಟು ಒಗ್ಗುತ್ತದೆ?

ನಮ್ಮ ಆಸ್ಪತ್ರೆಗಳಲ್ಲಿ ಹಾವು ಕಡಿತಕ್ಕೆ ಕೊಡುವ ಪಾಲಿವೇಲೆಂಟ್ ಎಎಸ್‌ವಿ, ಅಂದರೆ ಹಲವು ಹಾವುಗಳಿಗೆ ಒಂದೇ ಆದ ಪ್ರತಿವಿಷ, ನಾಲ್ಕು ಹಾವುಗಳಿಗೆಂದು ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಕಡೆಯದು ಬಯಲುಸೀಮೆಯ ಒಣನೆಲದ ಹಾವು, ತೀರ್ಥಹಳ್ಳಿ–ಹೊಸನಗರದ ಮಳೆಕಾಡಿನದಲ್ಲ. ಉಳಿದ ಮೂರಕ್ಕೆ ಇದರಷ್ಟು ಜೀವ ಉಳಿಸುವ ಔಷಧ ಬೇರೊಂದಿಲ್ಲ.

ಪುಡಿರೂಪದ ವೈಲ್ (ಔಷಧದ ಚಿಕ್ಕ ಬಾಟಲಿ) ಮಲೆನಾಡಿಗೆ ದೊಡ್ಡ ಅನುಕೂಲ. ದ್ರವರೂಪದ್ದಕ್ಕೆ 2ರಿಂದ 8 ಡಿಗ್ರಿ ತಂಪು ತಪ್ಪಲೇಬಾರದು. ಜಡಿಮಳೆಗೆ ಕರೆಂಟು ಹೋದರೆ ವಾಪಸು ಯಾವಾಗ ಬರುತ್ತದೋ ಹೇಳಲಾಗದ ಊರುಗಳಲ್ಲಿ ಅದು ಕಷ್ಟ. ಪುಡಿಯನ್ನು ಕರಗಿಸುವಾಗ ಮಾತ್ರ ತಾಳ್ಮೆ ಬೇಕು: ಜೊತೆಗೆ ಬರುವ 10 ಎಂ.ಎಲ್. ನೀರು ಹಾಕಿ ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆಯೇಳುತ್ತದೆ, ನೊರೆಗೆ ಸಿಕ್ಕ ಔಷಧ ಸಿರಿಂಜಿಗೆ ಬರುವುದಿಲ್ಲ. ಹತ್ತು ವೈಲ್ ಇದ್ದರೆ ಇಬ್ಬರು ಕೂತು ಕರಗಿಸುವುದು ಒಳ್ಳೆಯದು.

ಮೊದಲ ಡೋಸ್ ಹತ್ತು ವೈಲ್ ಯಾಕೆ? ಒಂದು ಎಂ.ಎಲ್. ಔಷಧ 0.6 ಮಿ.ಗ್ರಾಂ. ಕೊಳಕುಮಂಡಲದ ವಿಷವನ್ನು ತಟಸ್ಥ ಮಾಡುತ್ತದೆ. ಒಂದು ವೈಲಿಗೆ 6, ಹತ್ತಕ್ಕೆ 60. ಆ ಹಾವು ಒಂದು ಕಡಿತಕ್ಕೆ ಬಿಡುವ ವಿಷ ಸರಾಸರಿ 63 ಮಿ.ಗ್ರಾಂ. ಮಗುವಾದರೂ ದೊಡ್ಡವರಾದರೂ ಹಾವು ಬಿಡುವ ವಿಷ ಅಷ್ಟೇ, ಆದ್ದರಿಂದ ಮಗುವಿಗೆಂದು ಔಷಧ ಕಡಿಮೆ ಮಾಡುವುದು ದೊಡ್ಡ ತಪ್ಪು.

ಮಂಡಲದ ಕಡಿತಕ್ಕೆ ಔಷಧ ಕೊಡಬೇಕೋ ಬೇಡವೋ ಎಂದು ತಿಳಿಯಲು 20 ನಿಮಿಷದ ರಕ್ತ ಪರೀಕ್ಷೆ ನೆರವಾಗುತ್ತದೆ; ನಾಗರ, ಕಟ್ಟುಹಾವಿನ ವಿಷವನ್ನು ಇದು ತೋರಿಸುವುದಿಲ್ಲ. 2 ಎಂ.ಎಲ್. ರಕ್ತವನ್ನು ಒಣಗಿದ ಗಾಜಿನ ಕೊಳವೆಗೆ ಹಾಕಿ ಅಲುಗಾಡಿಸದೆ ಬಿಟ್ಟು, ಆಮೇಲೆ ಬಗ್ಗಿಸಿ ನೋಡಬೇಕು. ಹೆಪ್ಪುಗಟ್ಟಿರದಿದ್ದರೆ ಮಂಡಲದ ವಿಷ ಕೆಲಸ ಮಾಡುತ್ತಿದೆ. ಪ್ಲಾಸ್ಟಿಕ್ ಕೊಳವೆಯಲ್ಲೂ ಸೋಪಿನಲ್ಲಿ ತೊಳೆದ ಗಾಜಿನಲ್ಲೂ ಒಳ್ಳೆಯ ರಕ್ತವೇ ಹೆಪ್ಪುಗಟ್ಟದೆ ಉಳಿಯಬಹುದು, ಆಗ ಬೇಡದವರಿಗೂ ಔಷಧ ಏರುತ್ತದೆ. ಔಷಧ ಕೊಟ್ಟ ಮೇಲೆ ಮರುಪರೀಕ್ಷೆ ಆರು ಗಂಟೆ ಬಿಟ್ಟು. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಪಿತ್ತಜನಕಾಂಗ (ಲಿವರ್) ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು.

ಇದು ಕುದುರೆಯ ರಕ್ತದಿಂದ ಬಂದ ಔಷಧ. ಮೈ ತುರಿಕೆ, ದದ್ದು, ವಾಂತಿ, ಬಿ.ಪಿ. ಕುಸಿತ ಯಾರಿಗೂ ಆಗಬಹುದು. ಚರ್ಮದ ಟೆಸ್ಟ್ ಡೋಸ್ ಇದನ್ನು ಮುಂಚೆ ಹೇಳಲಾರದು, ಹೊತ್ತು ಹಾಳು. ದೊಡ್ಡವರಿಗೆ 0.5 ಮಿ.ಗ್ರಾಂ. ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿಟ್ಟುಕೊಂಡೇ ಡ್ರಿಪ್ ಶುರು ಮಾಡಬೇಕು. ಲಕ್ಷಣ ಕಂಡರೆ ಡ್ರಿಪ್ ನಿಲ್ಲಿಸಿ ತೊಡೆಯ ಸ್ನಾಯುವಿಗೆ ಕೊಟ್ಟು, ತಹಬಂದಿಗೆ ಬಂದ ಮೇಲೆ ಡ್ರಿಪ್ ಮುಂದುವರಿಸಬೇಕು. ಹೆದರಿ ಔಷಧವನ್ನೇ ಕೈಬಿಡಬಾರದು.

ಕಟ್ಟುಹಾವಿನ ವಿಷಯದಲ್ಲಿ ಹೊತ್ತೇ ಎಲ್ಲ. ಅದರ ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ, ಉಸಿರು ಕಟ್ಟಿದ ಮೇಲೆ ಎಷ್ಟು ವೈಲ್ ಸುರಿದರೂ ಪ್ರಯೋಜನವಿಲ್ಲ, ವೆಂಟಿಲೇಟರೇ ಗತಿ.

ಈ ವೈಲ್ ನಮ್ಮನ್ನು ಕೈಬಿಡುವುದು ಅಡಿಕೆ ತೋಟದ ದರಗಿನಲ್ಲಿ. ಅಲ್ಲಿರುವ ಒಂದೂವರೆ ಗೇಣುದ್ದದ ಉಬ್ಬುಮೂಗಿನ ಗುಳಿಮಂಡಲ ಈ ನಾಲ್ಕರ ಪಟ್ಟಿಯಲ್ಲಿಲ್ಲ. ಕೊಳಕುಮಂಡಲದ ಮರಿಯೆಂದೋ ಗರಗಸಮಂಡಲವೆಂದೋ ತಪ್ಪಾಗಿ ಗುರುತಿಸಿ ಎಎಸ್‌ವಿ ಏರಿಸಿದರೆ ರೋಗಿಗೆ ಅಲರ್ಜಿಯ ಅಪಾಯ ಮಾತ್ರ ಉಳಿಯುತ್ತದೆ, ವಿಷ ಹಾಗೆಯೇ ಇರುತ್ತದೆ. ಆಗುಂಬೆಯ ಕಾಳಿಂಗನಿಗೂ ಇದು ತಯಾರಾದದ್ದಲ್ಲ. ಈ ಕೊರತೆಯ ಬೇರು ಹಳೆಯದು. 1890ರ ದಶಕದಲ್ಲಿ ಮೊದಲ ಪ್ರತಿವಿಷ ತಯಾರಿಸಿದ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್, ನಾಗರನ ವಿಷದಿಂದ ಮಾಡಿದ್ದು ಬೇರೆ ಹಾವುಗಳಿಗೂ ಆಗುತ್ತದೆಂದು ನಂಬಿದ್ದರು. ಹಾಗಾಗದು, ಹಾವಿಗೆ ತಕ್ಕ ಔಷಧವೇ ಬೇಕೆಂದು ಬ್ರೆಜಿಲ್‌ನ ವೈಟಲ್ ಬ್ರಜಿಲ್ ತೋರಿಸಿಕೊಟ್ಟರು. ನೂರು ವರ್ಷ ದಾಟಿದರೂ ಗುಳಿಮಂಡಲಕ್ಕೆ ತಕ್ಕದ್ದು ನಮ್ಮ ಕಪಾಟಿಗೆ ಬಂದಿಲ್ಲ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಯಾಗಿ ಘೋಷಿಸಿತು. ಆ ವರದಿಯಲ್ಲಿ ಯಾವ ಹಾವೆಂದು ಸರಿಯಾಗಿ ಬರೆದರೆ ಈ ಔಷಧ ಬೇಕೆಂದು ಕೇಳಲು ಆಧಾರವಾದರೂ ಸಿಗುತ್ತದೆ.

ಈ ವಿಷ ಕಿಡ್ನಿಯನ್ನು ಕೆಡಿಸಬಹುದಾದ್ದರಿಂದ, ಅಲ್ಲಿಯವರೆಗೆ ಗುಳಿಮಂಡಲ ಕಡಿದವರ ಮೂತ್ರವನ್ನು ಅಳೆದು ಬರೆದಿಡಬೇಕು, ರಕ್ತ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕು. ಮೂತ್ರ ಇಳಿಯುತ್ತಿದ್ದಂತೆ ಡಯಾಲಿಸಿಸ್ ಇರುವ ಕಡೆಗೆ ಹೊರಡಿಸಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ., ಬೆಳಗಾಗಲಿ ಎಂದು ಕಾಯಬಾರದು.