ಡಬಲ್ ಪೇಟೆಂಟಿಂಗ್ ಆಕ್ಷೇಪ: ಡಿಸ್‌ಕ್ಲೇಮರ್ ಕೊಡುವುದೇ, ವಾದಿಸುವುದೇ?

ಇಮೇಜ್ ಸೆನ್ಸರ್ ಕುರಿತ ಎರಡನೆಯ ಅರ್ಜಿಗೆ ಅಮೆರಿಕದ ಪೇಟೆಂಟ್ ಕಚೇರಿಯಿಂದ ಡಬಲ್ ಪೇಟೆಂಟಿಂಗ್ ಆಕ್ಷೇಪ (ಒಂದೇ ಆವಿಷ್ಕಾರಕ್ಕೆ ಅಥವಾ ಅದರ ಸಹಜ ರೂಪಾಂತರಕ್ಕೆ ಎರಡನೆಯ ಪೇಟೆಂಟ್ ಕೇಳಲಾಗಿದೆ ಎಂಬ ಆಕ್ಷೇಪ) ಬಂದಾಗ, ಅದು ಯಾವ ಬಗೆಯದೆಂಬುದನ್ನು ಮೊದಲು ನೋಡಬೇಕು. ಎರಡೂ ಕಡೆ ಅದೇ ಆವಿಷ್ಕಾರವನ್ನೇ ಕೇಳಿದ್ದರೆ ಟರ್ಮಿನಲ್ ಡಿಸ್‌ಕ್ಲೇಮರ್ (ಹಳೆಯ ಪೇಟೆಂಟಿನ ಅವಧಿ ಮುಗಿದ ನಂತರದ ಹಕ್ಕನ್ನು ಬಿಟ್ಟುಕೊಡುವ ಪತ್ರ) ನೆರವಿಗೆ ಬಾರದು. ಕ್ಲೇಮನ್ನು, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ವಾಕ್ಯವನ್ನು, ಬದಲಿಸಬೇಕು, ಇಲ್ಲವೇ ಕೈಬಿಡಬೇಕು. ಹೊಸ ಕ್ಲೇಮು ಹಳೆಯದರ ಸಹಜ ರೂಪಾಂತರವೆಂಬ ಆಕ್ಷೇಪವಿದ್ದರೆ ಮಾತ್ರ ಡಿಸ್‌ಕ್ಲೇಮರ್ ಕೊಡುವ, ಇಲ್ಲವೇ ಅದು ಸಹಜ ರೂಪಾಂತರವಲ್ಲವೆಂದು ವಾದಿಸುವ ಆಯ್ಕೆ ಉಳಿಯುತ್ತದೆ.

ಡಿಸ್‌ಕ್ಲೇಮರ್ ಬೇಗ ಮುಗಿಯುವ ದಾರಿ. ಆದರೆ ಹೊಸ ಪೇಟೆಂಟಿನ ಅವಧಿ ಹಳೆಯದರೊಂದಿಗೇ ಮುಗಿಯುತ್ತದೆ, ಮತ್ತು ಎರಡೂ ಒಬ್ಬರದೇ ಒಡೆತನದಲ್ಲಿರುವವರೆಗೆ ಮಾತ್ರ ಅದನ್ನು ಜಾರಿಗೊಳಿಸಬಹುದು. ಒಂದನ್ನು ಮಾರುವ ಯೋಚನೆಯಿರುವವರಿಗೆ ಇದು ದೊಡ್ಡ ತೊಡಕು.

ವಾದಕ್ಕೆ ಶ್ರಮ ಹೆಚ್ಚು. ಹಳೆಯ ಕ್ಲೇಮು ಸೆನ್ಸರ್ ಮತ್ತು ಸಂಸ್ಕರಣಾ ಸರ್ಕ್ಯೂಟನ್ನು ಬೇರೆ ಬೋರ್ಡುಗಳಲ್ಲಿ ಇಟ್ಟಿದೆ, ಹೊಸದು ಆ ಬೋರ್ಡುಗಳನ್ನು ಒಂದರ ಮೇಲೊಂದು ಪೇರಿಸಿದೆ ಎಂದುಕೊಳ್ಳಿ. ಪೇರಿಸುವಿಕೆಯಿಂದ ಸಂಕೇತದ ಗದ್ದಲ ಅನಿರೀಕ್ಷಿತವಾಗಿ ತಗ್ಗಿತೆಂದು ಅಳತೆಗಳ ಮೂಲಕ ತೋರಿಸಬಲ್ಲಿರಾದರೆ ವಾದಕ್ಕೆ ಬಲವಿದೆ. ಜಾಗ ಉಳಿಯಿತು ಎಂದಷ್ಟೇ ಹೇಳಿದರೆ ಸಾಲದು. ಇಲ್ಲಿ ಹೋಲಿಕೆ ನಡೆಯುವುದು ಕ್ಲೇಮಿಗೂ ಕ್ಲೇಮಿಗೂ ನಡುವೆ ಎಂಬುದನ್ನು ಮರೆಯಬಾರದು.

ಅವಧಿಯ ವ್ಯತ್ಯಾಸ ಚಿಕ್ಕದಾಗಿದ್ದು ಒಡೆತನ ಒಂದೇ ಆಗಿದ್ದರೆ ನಾನು ಡಿಸ್‌ಕ್ಲೇಮರನ್ನೇ ಆರಿಸುತ್ತೇನೆ. ಅದನ್ನು ಕೊಡದೆ ತಡಮಾಡಿದರೆ ಅಪಾಯವಿದೆ: ಸೆಲೆಕ್ಟ್ (Cellect) ಕಂಪನಿಯ 2023ರ ಪ್ರಕರಣದಲ್ಲಿ ಇಮೇಜ್ ಸೆನ್ಸರ್‌ಗೆ ಸಂಬಂಧಿಸಿದ ಪೇಟೆಂಟುಗಳ ಕ್ಲೇಮುಗಳು ಡಬಲ್ ಪೇಟೆಂಟಿಂಗ್ ಕಾರಣಕ್ಕೆ ಬಿದ್ದುಹೋದವು. ಕಚೇರಿಯ ವಿಳಂಬಕ್ಕೆ ಪ್ರತಿಯಾಗಿ ಸಿಕ್ಕ ಹೆಚ್ಚುವರಿ ಅವಧಿಯನ್ನೂ ನ್ಯಾಯಾಲಯ ಲೆಕ್ಕಕ್ಕೆ ಹಿಡಿಯಿತು, ಅಷ್ಟರಲ್ಲಿ ಪೇಟೆಂಟುಗಳ ಅವಧಿಯೇ ಮುಗಿದಿದ್ದರಿಂದ ಡಿಸ್‌ಕ್ಲೇಮರ್ ಸಲ್ಲಿಸುವ ದಾರಿಯೂ ಮುಚ್ಚಿತ್ತು.