ಮನೆಯೊಳಗಿನ ಸಸಿಗೆ ಬೆಳಕು: ಕಿಟಕಿಯೋ, ಗ್ರೋ ಲೈಟೋ, ಟ್ಯೂಬ್‌ಲೈಟೋ?

ರಾಯಚೂರಿನಲ್ಲಿ ಮುಂಗಾರಿನ ಮೆಣಸಿನಕಾಯಿ ಅಗಿಗೆ (ನಾಟಿಯ ಸಸಿಗೆ) ಬೀಜ ಹಾಕುವ ಹೊತ್ತಿಗೆ ಮಾಳಿಗೆಯ ಕಾವು ಇನ್ನೂ ಇಳಿದಿರುವುದಿಲ್ಲ. ಬಿಸಿಗಾಳಿಗೆ ಪ್ರೋಟ್ರೇಯ (ಸಸಿ ಬೆಳೆಸುವ ಗುಳಿಗಳ ತಟ್ಟೆಯ) ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮಧ್ಯಾಹ್ನದೊಳಗೆ ಒಣಗುತ್ತದೆ, ಎಲೆ ಮುದುಡಿಸುವ ಮುಟುರು ರೋಗ ಹರಡುವ ಬಿಳಿನೊಣದ ಕಾಟವೂ ಇರುತ್ತದೆ. ಆದ್ದರಿಂದ ಮೊದಲ ಕೆಲವು ವಾರ ಸಸಿಗಳನ್ನು ಮನೆಯೊಳಗೇ ಬೆಳೆಸುವುದು ನನ್ನ ರೂಢಿ. ಒಳಗೆ ನೀರು, ಗೊಬ್ಬರ, ಬೆಚ್ಚನೆಯ ಜಾಗ ಎಲ್ಲವೂ ಸಿಗುತ್ತವೆ. ಸಾಲದೆ ಹೋಗುವುದು ಬೆಳಕು. ಪೂರ್ವದ ಕಿಟಕಿ, ಗಿಡಗಳಿಗೆಂದೇ ಕೆಂಪು, ನೀಲಿ ಎಲ್‌ಇಡಿ ಜೋಡಿಸಿದ ಗುಲಾಬಿ ಬಣ್ಣದ ಗ್ರೋ ಲೈಟ್, ಸಾಮಾನ್ಯ ಎಲ್‌ಇಡಿ ಟ್ಯೂಬ್‌ಲೈಟ್ ಈ ಮೂರರಲ್ಲಿಯೂ ಒಂದೇ ಬೀಜದ ಸಸಿಗಳನ್ನು ಬೆಳೆಸಿ ನೋಡಿದ್ದೇನೆ.

ನಡುಹಗಲಿನ ಬಯಲು ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕಿನ ಅಳತೆ) ಇದ್ದರೆ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಅದು ಕೆಲವು ಸಾವಿರಕ್ಕೆ, ಕೋಣೆಯ ನಡುವೆ ಕೆಲವು ನೂರಕ್ಕೆ ಇಳಿಯುತ್ತದೆ. ಕಣ್ಣು ಮಬ್ಬಿಗೆ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದಿಲ್ಲ, ಸಸಿಗೆ ತಿಳಿಯುತ್ತದೆ. ದಕ್ಷಿಣದ ಕಿಟಕಿಯೇ ಉತ್ತಮವೆಂಬ ಸಲಹೆ ಶೀತ ದೇಶಗಳದು. ರಾಯಚೂರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಅಂದರೆ ಅಗಿ ಬೆಳೆಸುವ ದಿನಗಳಲ್ಲೇ ದಕ್ಷಿಣದ ಕಿಟಕಿಯೊಳಗೆ ಬಿಸಿಲು ಬರುವುದಿಲ್ಲ. ಪೂರ್ವದ ಕಿಟಕಿಗೆ ಬೆಳಗಿನ ಬಿಸಿಲು ಸಿಗುತ್ತದೆ, ಆದರೆ ಮೋಡ ಕವಿದರೆ ಅದೂ ಇಲ್ಲ. ಟ್ರೇಯನ್ನು ದಿನವೂ ತಿರುಗಿಸಿದರೂ ಕಿಟಕಿಯ ಸಸಿಗಳು ದಾರದಂತೆ ಸಣ್ಣಗೆ, ಉದ್ದಕ್ಕೆ ಎದ್ದವು.

ಗ್ರೋ ಲೈಟ್ ಕೆಳಗಿನವು ಗಿಡ್ಡಗೆ, ಗಟ್ಟಿಯಾಗಿ ಬಂದವು. ಪತ್ರಹರಿತ್ತು ಹೆಚ್ಚಾಗಿ ಹೀರುವುದು ಕೆಂಪು ಮತ್ತು ನೀಲಿ ಬೆಳಕನ್ನೇ ಆದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ನನ್ನ ತಕರಾರು ಬೇರೆ. ಆ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಾಣುತ್ತದೆ. ಕೆಳಗಿನ ಎಲೆ ಹಳದಿಗೆ ತಿರುಗಿದೆಯೇ, ಎಲೆಯಡಿ ರಸ ಹೀರುವ ಥ್ರಿಪ್ಸ್ ಹುಳು ಇದೆಯೇ ಎಂದು ನೋಡಲು ಟ್ರೇಯನ್ನು ಹೊರಗೆ ತೆಗೆಯಬೇಕು. ಕ್ಲಿಪ್ ಹಾಕುವ ಚಿಕ್ಕ ದೀಪವಾದ್ದರಿಂದ ನಡುವಿನ ಗುಳಿಗಳಿಗಷ್ಟೇ ಬೆಳಕು ಬಿದ್ದು, ಅಂಚಿನ ಸಸಿಗಳೆಲ್ಲ ಒಳಕ್ಕೆ ವಾಲಿದವು.

ನನ್ನ ಮತ ಟ್ಯೂಬ್‌ಲೈಟಿಗೆ. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಬೆಳಕಿನ ಬಣ್ಣ ಬದಲಿಸುವ ಫಾಸ್ಫರ್ ಲೇಪಿಸಿದ್ದು; ಅದರ ಬೆಳಕಿನಲ್ಲಿ ನೀಲಿ, ಹಸಿರು, ಕೆಂಪು ಮೂರೂ ಇರುತ್ತವೆ, ಮತ್ತು ಹಸಿರನ್ನೂ ಎಲೆ ಸಾಕಷ್ಟು ಬಳಸಿಕೊಳ್ಳುತ್ತದೆ. ನಾಲ್ಕಡಿ ಉದ್ದದ, 20 ವ್ಯಾಟ್‌ನ, 6500 ಕೆಲ್ವಿನ್ (ತಂಪು ಬಿಳಿ ಬೆಳಕು) ಎಂದು ಬರೆದ ಎರಡು ಟ್ಯೂಬ್‌ಗಳನ್ನು ಅಕ್ಕಪಕ್ಕ ಕಟ್ಟಿದರೆ, ಉದ್ದಕ್ಕೆ ಜೋಡಿಸಿದ ಎರಡು ಪ್ರೋಟ್ರೇಗಳಿಗೆ ಕೊನೆಯಿಂದ ಕೊನೆಯವರೆಗೆ ಸಮನಾಗಿ ಬೆಳಕು ಸಿಗುತ್ತದೆ. ಆದರೆ ಎತ್ತರವೇ ಇಲ್ಲಿ ಮುಖ್ಯ. ಗೋಡೆಯ ಮೇಲ್ತುದಿಯಲ್ಲಿರುವ ಟ್ಯೂಬ್ ಸಸಿಗೆ ಪ್ರಯೋಜನವಿಲ್ಲ. ಸಸಿಯ ತುದಿಯಿಂದ ಒಂದು ಗೇಣಿನೊಳಗೆ, 10ರಿಂದ 15 ಸೆಂಟಿಮೀಟರ್ ಮೇಲೆ ಅದು ತೂಗಬೇಕು, ಸಸಿ ಬೆಳೆದಂತೆ ಹಗ್ಗವನ್ನು ಮೇಲೆಳೆಯಬೇಕು. ಎಲ್‌ಇಡಿಯ ಕಾವು ಅಷ್ಟು ಹತ್ತಿರದಲ್ಲಿಯೂ ಎಲೆಯನ್ನು ಸುಡುವುದಿಲ್ಲ. ಇಲ್ಲಿ ಬೆಳೆದ ಸಸಿಯನ್ನು ಬೆರಳಿನಿಂದ ಮೆಲ್ಲಗೆ ಬಗ್ಗಿಸಿ ಬಿಟ್ಟರೆ ಥಟ್ಟನೆ ನೆಟ್ಟಗಾಗುತ್ತದೆ. ಕಿಟಕಿಯದು ಬಗ್ಗಿದಲ್ಲೇ ಉಳಿಯುತ್ತದೆ.

ದಿನಕ್ಕೆ 16 ಗಂಟೆ ಉರಿಸಿದರೆ ಎರಡೂ ಟ್ಯೂಬ್ ಸೇರಿ ತಿಂಗಳಿಗೆ 19 ಯೂನಿಟ್ ಆಗುತ್ತದೆ. ಹಗಲು ಕರೆಂಟ್ ಹೋದರೆ ಆ ಹೊತ್ತನ್ನು ರಾತ್ರಿ ಸೇರಿಸಿಕೊಳ್ಳುತ್ತೇನೆ. ಹೊಸ ದೀಪ ಕೊಳ್ಳಲಾಗದವರು ಮನೆಯಲ್ಲಿರುವ ಹಳೆಯ ಟ್ಯೂಬ್ ಒಂದನ್ನೇ ಕಿಟಕಿಗೆ ಜೊತೆ ಮಾಡಿಕೊಳ್ಳಬಹುದು.

ಮೂರರಲ್ಲಿ ಯಾವುದರಡಿ ಬೆಳೆದ ಸಸಿಯೂ ನಮ್ಮ ಬಿಸಿಲನ್ನು ಒಮ್ಮೆಗೇ ತಾಳುವುದಿಲ್ಲ. ನಾಲ್ಕು ಎಲೆ ಬಂದ ಮೇಲೆ ಅವುಗಳನ್ನು ಅರ್ಧ ಬಿಸಿಲನ್ನು ತಡೆಯುವ ಶೇಕಡಾ 50ರ ಹಸಿರು ನೆರಳುಪರದೆಯ ಕೆಳಗೆ ಒಂದು ವಾರವಾದರೂ ಇಟ್ಟು, ಮೊದಲು ಬೆಳಗಿನ ಬಿಸಿಲಿಗಷ್ಟೇ ಒಡ್ಡಿ, ಆಮೇಲೆ ಸಂಜೆಯ ಹೊತ್ತಿನಲ್ಲಿ ನಾಟಿ ಮಾಡಬೇಕು.