ಊಟಿಯ ಚಳಿಗೆ ಯಾವ ಬೆಂಕಿ?

ಊಟಿಗೆ ಬಂದ ಮೇಲೆ ಇದು ನಾಲ್ಕನೇ ಚಳಿಗಾಲ. ಮೂರು ಥರ ಚಳಿ ಕಾಯಿಸಿ ಆಯಿತು. ಮೊದಲ ಬಾಡಿಗೆ ಮನೆಯಲ್ಲಿ ಗೋಡೆಯೊಳಗಿನ ಹಳೇ ಅಗ್ಗಿಷ್ಟಿಕೆ, ಆಮೇಲೆ ಕರೆಂಟ್ ಹೀಟರ್, ಈಗ ಕಬ್ಬಿಣದ ಸೌದೆ ಒಲೆ.

ಅಗ್ಗಿಷ್ಟಿಕೆ ನೋಡಲು ಚೆಂದ, ಅಷ್ಟೇ. ಮುಖ ಸುಡುತ್ತದೆ, ಬೆನ್ನು ಕೊರೆಯುತ್ತದೆ. ಕೋಣೆಯ ಬೆಚ್ಚನೆ ಗಾಳಿಯನ್ನೇ ಹೀರಿ ಚಿಮಣಿಯಲ್ಲಿ ಕಳಿಸುತ್ತದೆ. ಅದರ ಜಾಗಕ್ಕೆ ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಒಂದು ಹೊರೆ ಸೌದೆ ಉರಿಸಿದರೂ ಅಮ್ಮ ಶಾಲು ತೆಗೆಯಲಿಲ್ಲ.

ಹೀಟರಿಗೆ ಸ್ವಿಚ್ ಹಾಕಿದರೆ ಸಾಕು, ಒಪ್ಪುತ್ತೇನೆ. ಆದರೆ ನಮ್ಮದು 2000 ವಾಟಿನದು, ಗಂಟೆಗೆ 2 ಯೂನಿಟ್. ದಿನಕ್ಕೆ 4 ಗಂಟೆ ಎಂದರೂ 2 ತಿಂಗಳಿಗೆ 480. ತಮಿಳುನಾಡಿನಲ್ಲಿ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ಮೊದಲ 100 ಯೂನಿಟ್ ಉಚಿತ, ನಿಜ. 500 ದಾಟಿದರೆ ದರದ ಲೆಕ್ಕವೇ ಬೇರೆ. ಫ್ರಿಜ್ಜು, ಮೋಟಾರು ಸೇರಿದ ಮೇಲೆ ದಾಟದೇ ಇರುತ್ತದಾ? ಆರಿಸಿದ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಚಳಿ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರಂತೂ ಮುಗಿಯಿತು. ಅಮ್ಮ ಚಾಮರಾಜನಗರದ ಗಡಿಯಾಚೆಯ ತಾಳವಾಡಿ ಕಡೆಯವರು. ಹೀಟರ್ ನೋಡಿ, "ಇದೇನ್ಲಾ, ಬರೀ ಕೆಂಪು ಕಂಬಿ! ಒಲೆ ಮುಂದೆ ಕೂತಂಗೆ ಇದ್ದದಾ?" ಅಂದರು.

ಹಾಗೆ ಒಲೆ ಬಂತು. ಇದಕ್ಕೆ ಗಾಜಿನ ಬಾಗಿಲು, ಕೆಳಗೆ ಗಾಳಿ ಬಿಡುವ ಕಿಂಡಿ, ಗೋಡೆ ದಾಟಿ ಹೊರಗೆ ಹೋಗುವ ಕೊಳವೆ. ಬೇಕಾದಷ್ಟೇ ಗಾಳಿ ಒಳಗೆ ಹೋಗುವುದರಿಂದ ಸೌದೆ ನಿಧಾನಕ್ಕೆ ಉರಿಯುತ್ತದೆ. ಕಬ್ಬಿಣವೆಲ್ಲ ಕಾದು ಕೋಣೆಯ ನಾಲ್ಕೂ ಮೂಲೆಗೆ ಬಿಸಿ ಮುಟ್ಟುತ್ತದೆ. ಮಳೆಗಾಲದಲ್ಲಿ ವಾರವಾದರೂ ಒಣಗದ ಬಟ್ಟೆ ಇದರ ಹತ್ತಿರ ಒಂದೇ ರಾತ್ರಿಗೆ ಗರಿಗರಿ. ನನ್ನ ಕೇಳಿದರೆ ಊಟಿಯಲ್ಲಿ ಚಳಿಗಿಂತ ತೇವದ ಕಾಟವೇ ಜಾಸ್ತಿ.

ಮೊದಲ ವರ್ಷ ಮಾತ್ರ ಒಲೆಯನ್ನು ಬೈದುಕೊಂಡೆ. ತಪ್ಪು ನನ್ನದೇ. ನವೆಂಬರಿನಲ್ಲಿ ತಂದ ಹಸಿ ಸೌದೆಯನ್ನು ಡಿಸೆಂಬರಿನಲ್ಲೇ ಉರಿಸಿದ್ದೆ. ತುದಿಯಲ್ಲಿ ನೊರೆ, ಸುಯ್ ಅನ್ನುವ ಸದ್ದು, ಗಾಜೆಲ್ಲ ಕಪ್ಪು. ಕೊಳವೆಯೊಳಗೆ ಡಾಂಬರಿನಂಥ ಮಸಿ ಕಟ್ಟಿತ್ತು. ಅದಕ್ಕೆ ಬೆಂಕಿ ಹತ್ತಿದರೆ ಮನೆಗೇ ಅಪಾಯ. ಇಲ್ಲಿ ಜೂನಿನಿಂದ ಒಂದು ಮಳೆ, ಅಕ್ಟೋಬರಿನಿಂದ ಇನ್ನೊಂದು. ಸೌದೆ ಒಣಗಲು ಬಿಡುವೇ ಇಲ್ಲ. ಈಗ ಜನವರಿಯಲ್ಲೇ ತಂದು, ಸೀಳಿಸಿ, ತಗಡಿನ ಕೆಳಗೆ ಒಟ್ಟಿ, ಮುಂದಿನ ಚಳಿಗೆ ತೆಗೆಯುತ್ತೇನೆ. ಎರಡು ತುಂಡು ಬಡಿದರೆ ಟಣ್ ಅನ್ನಬೇಕು, ಆಗ ಒಣಗಿದೆ ಎಂದು ಲೆಕ್ಕ.

ಇಲ್ಲಿ ಹೆಚ್ಚಾಗಿ ಸಿಗುವುದು ಎರಡು ಜಾತಿ, ಎರಡೂ ಆಸ್ಟ್ರೇಲಿಯಾದಿಂದ ಬಂದವು. ನೀಲಗಿರಿ ಮರ ಹಸಿಯಿದ್ದಾಗಲೇ ಸೀಳಬೇಕು, ಒಣಗಿದರೆ ಕೊಡಲಿಗೆ ಬಗ್ಗುವುದಿಲ್ಲ. ನನಗೆ ಇಷ್ಟ ವ್ಯಾಟಲ್, ಇಲ್ಲಿನವರು ಸೀಗೆ ಅನ್ನುತ್ತಾರೆ, ತಲೆಗೆ ಹಚ್ಚುವ ಸೀಗೆ ಅಲ್ಲ. ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ರಾತ್ರಿ ಹತ್ತಕ್ಕೆ ಎರಡು ದಪ್ಪ ತುಂಡು ಹಾಕಿದರೆ ಬೆಳಗ್ಗೆ ಬೂದಿ ಕೆದಕಿದಾಗ ಇನ್ನೂ ಕೆಂಪು ಕಾಣುತ್ತದೆ. ಕಿಂಡಿಯನ್ನು ಮಾತ್ರ ಪೂರ್ತಿ ಮುಚ್ಚಬಾರದು.

ಬಾಂಡ್ಲಿಯಲ್ಲಿ ಇದ್ದಿಲ ಕೆಂಡ ತಂದು ಕೋಣೆಯಲ್ಲಿಟ್ಟು ಮಲಗುವವರಿದ್ದಾರೆ. ಅದನ್ನು ನಾನು ಹೋಲಿಕೆಗೇ ಸೇರಿಸಿಲ್ಲ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು.

ಹೀಟರನ್ನು ಮಾರಿಲ್ಲ. ಬೆಳಗ್ಗೆ ಐದಕ್ಕೆ ಮಗಳು ಓದಲು ಕೂರುವ ಕೋಣೆಯಲ್ಲಿದೆ. ಒಲೆ ಚೆನ್ನಾಗಿ ಕಾಯಲು ಅರ್ಧ ಗಂಟೆಯಾದರೂ ಬೇಕು, ಅಷ್ಟರಲ್ಲಿ ಅವಳ ಗಣಿತ ಮುಗಿದಿರುತ್ತದೆ.